ಎಪ್ಪತ್ತೊಂದನೆಯ ಪುಟ

ಬಂದ್ಯೋಡು
14 ನವೆಂಬರ್ 2024

ಮೈ ಡಿಯರ್ ತುಂಗಾ,

ಐ ಆ್ಯಮ್ ಕ್ವೈಟ್ ವೆಲ್ ಹಿಯರ್, ಹೋಪಿಂಗ್ ಯು ಟು ಬಿ ದಿ ಸೇಮ್. ಕಾಸರಗೋಡಿನಲ್ಲಿ ಪ್ರಿ-ಡಿಗ್ರಿ ಓದುವಾಗ ಇಂಗ್ಲಿಷ್ ಪತ್ರವನ್ನು ಹೀಗೆಯೇ ಸುರು ಮಾಡಬೇಕೆಂದು ಕಲಿಸಿದ್ದರು. ಎರಡನೆಯ ವಾಕ್ಯ ಯಾವುದೆಂದು ಮರೆತುಹೋಗಿದೆ. ಆದ್ದರಿಂದ ಕನ್ನಡಕ್ಕೆ ಬರುತ್ತೇನೆ.

ಫೋನು ಮಾಡಿದರೆ ನೀನು ತೆಗೆಯುವುದಿಲ್ಲ. ನಿನ್ನ ಅಕ್ಕ ಹೋದ ಮೇಲೆ ಈ ಎರಡು ವರ್ಷದಲ್ಲಿ ಒಮ್ಮೆಯೂ ತೆಗೆದಿಲ್ಲ. ಕಾಗದವಾದರೆ ಪೋಸ್ಟ್‌ಮ್ಯಾನ್ ಕೈಗೇ ಕೊಡುತ್ತಾನೆ, ಕೈಗೆ ಬಂದ ಕಾಗದವನ್ನು ಎಸೆಯುವ ಅಭ್ಯಾಸ ನಿಮ್ಮ ಮನೆಯವರಿಗಿಲ್ಲ. ಮನೋರಮಾ ಕರೆಂಟ್ ಬಿಲ್ಲನ್ನೂ ನಾಲ್ಕು ಮಡಿಕೆ ಮಾಡಿ ಡಬ್ಬಿಯಲ್ಲಿ ಇಡುತ್ತಿದ್ದಳು. ಆ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ನಾನೊಂದು ಪುಸ್ತಕ ಬರೆದಿದ್ದೇನೆ. ನಗಬೇಡ. ವಿಲ್ಲೇಜ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತನಾಗಿ ಊರವರ ಅರ್ಜಿಗಳನ್ನೆಲ್ಲ ಬರೆದವನಿಗೆ ತೊಂಬತ್ತಾರು ಪುಟ ದೊಡ್ಡದಲ್ಲ. ಹೆಸರು ‘ಮನೋರಮೆ’. ನಿನ್ನ ಅಕ್ಕನ ಜೀವನ. ಬೆಂಗಳೂರಿನ ಇಬ್ಬರು ಪ್ರಕಾಶಕರಿಗೆ ಕಳಿಸಿದ್ದೆ. ಒಬ್ಬರು ಉತ್ತರಿಸಲಿಲ್ಲ. ಇನ್ನೊಬ್ಬರು ‘ನಿಮ್ಮ ಶ್ರೀಮತಿಯವರು ಯಾವ ಕ್ಷೇತ್ರದಲ್ಲಿ ಸಾಧನೆ ಮಾಡಿದ್ದಾರೆ’ ಎಂದು ಕೇಳಿದರು. ಬೀಡಿ ಕಟ್ಟುತ್ತಿದ್ದಳು, ತಂಗಿಯನ್ನು ನರ್ಸಿಂಗ್ ಓದಿಸಿದಳು, ಕೆಲಸವಿಲ್ಲದ ಗಂಡನನ್ನು ಏಳು ವರ್ಷ ಸಾಕಿದಳು ಎಂದು ಬರೆದೆ. ಆಮೇಲೆ ಅವರೂ ಉತ್ತರಿಸಲಿಲ್ಲ. ಕೊನೆಗೆ ಕಾಸರಗೋಡಿನ ಒಂದು ಪ್ರೆಸ್ಸಿನಲ್ಲಿ ನಾನೇ ಮುನ್ನೂರು ಪ್ರತಿ ಮಾಡಿಸಿದೆ. ಎಲ್ಲವೂ ಈಗ ಅವಳ ಮಂಚದ ಮೇಲೆ ಉಂಟು.

ಬರುವ 24, ಆದಿತ್ಯವಾರ, ಸಂಜೆ ನಾಲ್ಕಕ್ಕೆ ಇಲ್ಲಿಯ ಗ್ರಂಥಾಲಯದಲ್ಲಿ ಬಿಡುಗಡೆ. ಗ್ರಂಥಾಲಯದ ಕಾರ್ಯದರ್ಶಿ ಕೃಷ್ಣಕುಮಾರ ಮುತುವರ್ಜಿ ವಹಿಸಿದ್ದಾನೆ. ಪುಸ್ತಕದ ಒಂದು ಪ್ರತಿಯನ್ನೂ ಆಮಂತ್ರಣವನ್ನೂ ಇದರೊಟ್ಟಿಗೆ ಇಟ್ಟಿದ್ದೇನೆ. ಆಮಂತ್ರಣದಲ್ಲಿ ‘ಮುಖ್ಯ ಅತಿಥಿ: ಶ್ರೀಮತಿ ತುಂಗಾ, ನಿವೃತ್ತ ಹೆಡ್ ನರ್ಸ್, ಕಾಞಂಗಾಡು’ ಎಂದು ನೋಡಿ ನಿನಗೆ ಸಿಟ್ಟು ಬರಬಹುದು. ಕೇಳದೆ ಹಾಕಿದ್ದು ಹೌದು. ನಮ್ಮ ಕಡೆ ಮದುವೆಯ ಕಾಗದದಲ್ಲಿ ಮುನಿಸಿಕೊಂಡವರ ಹೆಸರನ್ನೇ ಮೊದಲು ಹಾಕಿಸುವುದಲ್ಲವೇ? ಅಚ್ಚಾದ ಮೇಲೆ ಬಾರದೆ ಇರಲು ಅವರಿಗೇ ಕಷ್ಟವಾಗುತ್ತದೆ.

ಎಷ್ಟು ಪ್ರತಿ ಖರ್ಚಾಗುತ್ತದೆಂಬ ಚಿಂತೆ ನನಗಿಲ್ಲ. ನಾನು ಓದುವುದನ್ನು ನೀನು ಒಮ್ಮೆ ಎದುರು ಕೂತು ಕೇಳಬೇಕು. ಬೇಕಾದದ್ದು ಅಷ್ಟೇ.

ಯುವರ್ಸ್ ಅಫೆಕ್ಷನೇಟ್ಲಿ,
ಭಾವ ಹರಿನಾಥ


ಕಾಞಂಗಾಡು
19 ನವೆಂಬರ್ 2024

ಭಾವನವರಿಗೆ,

ಪುಸ್ತಕವನ್ನು ಹಿಂದೆ ಕಳಿಸಿದ್ದೇನೆ. ನಾನು ಬರುವುದಿಲ್ಲ. ಹೆಸರನ್ನು ಅಳಿಸಿಬಿಡಿ.

ಪೂರ್ತಿ ಓದಿಲ್ಲ. ಅಕ್ಕನ ಕೊನೆಯ ದಿನಗಳನ್ನು ಹೇಗೆ ಬರೆದಿದ್ದೀರೆಂದು ಮಾತ್ರ ನೋಡಿದೆ. ಎಪ್ಪತ್ತೊಂದನೆಯ ಪುಟ: ‘ಆಸ್ಪತ್ರೆಯ ಆ ಹನ್ನೊಂದು ದಿನಗಳಲ್ಲಿ ಬಂಧುಗಳೆಲ್ಲರೂ ಮನೋರಮೆಯ ಮಂಚದ ಸುತ್ತ ನೆರೆದಿದ್ದರು. ಯಾರೊಬ್ಬರೂ ಕದಲಲಿಲ್ಲ.’

ಅವಳ ಬಂಧು ಎಂದು ಇದ್ದದ್ದು ನಾನೊಬ್ಬಳು. ನಾನು ಮಂಚದ ಯಾವ ಬದಿಯಲ್ಲಿ ನಿಂತಿದ್ದೆ ಭಾವ?

ತುಂಗಾ


ಬಂದ್ಯೋಡು
2 ಡಿಸೆಂಬರ್ 2024

ಮೈ ಡಿಯರ್ ತುಂಗಾ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್ ಡೇಟೆಡ್ ನೈನ್ಟೀನ್ತ್. ಪುಸ್ತಕ ತಲುಪಿತು. ಅದನ್ನು ಮತ್ತೆ ಮಂಚದ ಮೇಲೆ ಇಟ್ಟೆ, ಇನ್ನೂರ ತೊಂಬತ್ತೊಂಬತ್ತು ಇದ್ದದ್ದು ಮುನ್ನೂರಾಯಿತು.

ಬಿಡುಗಡೆ ಆಯಿತು. ಗ್ರ್ಯಾಂಡ್ ಸಕ್ಸೆಸ್ ಎನ್ನುವಂತಿಲ್ಲ. ಗ್ರ್ಯಾಂಡ್ ಫೇಲ್ಯೂರ್ ಎನ್ನಲೂ ಒಂದು ಗ್ರ್ಯಾಂಡ್ ಬೇಕು, ಅದೂ ಇರಲಿಲ್ಲ. ಕೃಷ್ಣಕುಮಾರ ನಲವತ್ತು ಕುರ್ಚಿ ತರಿಸಿದ್ದ. ಬಂದವರು ಆರು ಜನ. ಅದರಲ್ಲಿ ಒಬ್ಬ ಕುರ್ಚಿಯವನು. ಉಪ್ಪಳದಲ್ಲಿ ಒಂದು ಮದುವೆಯ ಚಪ್ಪರಕ್ಕೆ ಅವನ್ನು ಒಯ್ಯಬೇಕಿತ್ತು. ನಾನು ಮೂರನೆಯ ಪುಟ ಓದುವಾಗ ಅವನು ಹಿಂದಿನ ಸಾಲಿನಿಂದ ಒಂದರ ಮೇಲೊಂದು ಪೇರಿಸತೊಡಗಿದ. ಕೃಷ್ಣಕುಮಾರ ಸನ್ನೆ ಮಾಡಿದ. ಅವನು, ‘ನೀವು ಓದಿ ಮಾರಾಯ್ರೆ, ನನಗೆ ಕೇಳ್ತದೆ,’ ಎಂದ. ಐದನೆಯ ಪುಟಕ್ಕೆ ನಾನು ನಿಲ್ಲಿಸಿದೆ.

ಆಮೇಲೆ ಮುದ್ದಣ್ಣನ ಸಲೂನಿಗೆ ಹೋಗಿ ಕೂತೆ. ಬಂದ್ಯೋಡು ಪೇಟೆಯಲ್ಲಿ ನಾನು ದಿನಾ ಹೋಗಿ ಕೂರುವ ಜಾಗ ಅದೊಂದೇ. ಮನೆಯಲ್ಲಿ ಮಾತಿಲ್ಲ. ಬೆಳಿಗ್ಗೆಯಿಂದ ಬಾಯಿ ತೆರೆಯದೆ ಇದ್ದರೆ ಸಂಜೆ ಸ್ವರವೇ ಹೊರಡುವುದಿಲ್ಲ, ಕೆಮ್ಮಿ ಸರಿಮಾಡಬೇಕಾಗುತ್ತದೆ. ಇದು ನಿನಗೆ ಗೊತ್ತಿರಬಹುದು, ನೀನೂ ಒಬ್ಬಳೇ ಇರುವವಳು.

ಮುದ್ದಣ್ಣ ಎಲ್ಲ ಕೇಳಿ ಹೇಳಿದ: ‘ಹರಿಯಣ್ಣ, ಜನರನ್ನು ಕರೆದು ಕೂರಿಸ್ಲಿಕ್ಕೆ ಹೋದದ್ದೇ ನಿಮ್ಮ ತಪ್ಪು. ಮೊದಲೇ ಕೂತವರು ಎಲ್ಲಿ ಉಂಟು ಅಂತ ನೋಡ್ಬೇಕು. ಇಲ್ಲಿ ಓದಿ. ಮುಖಕ್ಕೆ ಸೋಪು ಹಚ್ಚಿದ ಮೇಲೆ ಯಾರಪ್ಪನಾಣೆಗೂ ಎದ್ದು ಹೋಗುವುದಿಲ್ಲ.’

ನೋಡು, ನಾನು ಓದಿದ ಕಾಲೇಜು ಇದನ್ನು ಕಲಿಸಿರಲಿಲ್ಲ. ಮರುದಿನದಿಂದ ಮುದ್ದಣ್ಣನ ಕನ್ನಡಿಯ ಪಕ್ಕ ಸ್ಟೂಲು ಹಾಕಿ ಓದಿದೆ. ಶೇವಿಂಗಿಗೆ ಎರಡೂವರೆ ಪುಟ. ಕಟಿಂಗಿಗೆ ಐದು. ಬಣ್ಣ ಹಾಕಿಸುವವರು ಬಂದರೆ ಒಂದು ಅಧ್ಯಾಯ. ದುಬಾಯಿಯಿಂದ ರಜೆಯಲ್ಲಿ ಬಂದವರೊಬ್ಬರಿಗೆ ನಿನ್ನ ಅಕ್ಕ ನಿನ್ನನ್ನು ನರ್ಸಿಂಗ್ ಶಾಲೆಗೆ ಬಿಟ್ಟು ಬಂದ ಭಾಗ ಓದಿದೆ. ಟ್ರಂಕ್ ಹೊತ್ತುಕೊಂಡು ನೀವಿಬ್ಬರು ಬಸ್ಸಿಳಿದದ್ದು, ನೀನು ಗೇಟಿನ ಒಳಗೆ ಹೋದ ಮೇಲೆ ಅವಳು ಹೊರಗೆ ಎರಡು ಗಂಟೆ ನಿಂತೇ ಇದ್ದದ್ದು. ಅವರ ಕಣ್ಣು ತುಂಬಿತು. ‘ಸೋಪು ಹೋಯ್ತಾ?’ ಎಂದು ಮುದ್ದಣ್ಣ ಒರೆಸಲು ಹೋದ. ‘ಸೋಪಲ್ಲ, ನೀನು ಸುಮ್ಮನಿರು,’ ಎಂದರು ಅವರು. ಎದ್ದು ಹೋಗುವಾಗ ಕೇಳಿದರು: ‘ಈ ತಂಗಿ ಈಗ ಎಲ್ಲಿದ್ದಾರೆ?’ ಕಾಞಂಗಾಡಿನಲ್ಲಿ ಎಂದೆ. ‘ಬರ್ತಾ ಇರ್ತಾರಾ?’ ಎಂದರು. ಬರ್ತಾರೆ ಎಂದೆ.

ನಿನ್ನ ಪ್ರಶ್ನೆಗೆ ಸಮಯ ನೋಡಿ ಉತ್ತರಿಸುತ್ತೇನೆ.

ಯುವರ್ಸ್,
ಹರಿನಾಥ


ಬಂದ್ಯೋಡು
28 ಡಿಸೆಂಬರ್ 2024

ಮೈ ಡಿಯರ್ ತುಂಗಾ,

ಉತ್ತರ ಬರಲಿಲ್ಲ. ನೋ ನ್ಯೂಸ್ ಈಸ್ ಏನೋ ನ್ಯೂಸ್ ಎಂದು ಒಂದು ಹೇಳಿಕೆ ಇತ್ತು, ಗುಡ್ಡೋ ಬ್ಯಾಡೋ ನೆನಪಿಲ್ಲ.

ಸಲೂನಿನಲ್ಲಿ ಪುಸ್ತಕ ಒಂದು ಸುತ್ತು ಮುಗಿಯಿತು. ಮುಗಿಯಿತು ಎನ್ನುವುದೂ ಪೂರ್ತಿ ಸರಿಯಲ್ಲ, ಅಲ್ಲಿ ಯಾರೂ ಮೊದಲಿಂದ ಕೊನೆಯವರೆಗೆ ಕೇಳಲಿಲ್ಲ. ಒಬ್ಬೊಬ್ಬರ ಪಾಲಿಗೆ ಮನೋರಮೆಯ ಒಂದೊಂದು ತುಂಡು. ಎಪ್ಪತ್ತೊಂದನೆಯ ಪುಟ ಯಾರ ಪಾಲಿಗೂ ಬಾರದ ಹಾಗೆ ನಾನು ನೋಡಿಕೊಂಡೆ.

ಈಗ ರೈಲಿನಲ್ಲಿ ಓದುತ್ತೇನೆ. ಬೆಳಗ್ಗಿನ ಪ್ಯಾಸೆಂಜರಿಗೆ ಉಪ್ಪಳದಲ್ಲಿ ಹತ್ತಿದರೆ ಕಾಸರಗೋಡಿಗೆ ಕೆಲಸಕ್ಕೆ ಹೋಗುವವರದ್ದೇ ಒಂದು ಗುಂಪು ಉಂಟು: ಬಟ್ಟೆಯಂಗಡಿಯ ಹುಡುಗಿಯರು, ಕೋರ್ಟಿನ ಇಬ್ಬರು ಗುಮಾಸ್ತರು, ಒಬ್ಬ ಸುಕುಮಾರ ಎಂಬವರು, ಕಲೆಕ್ಟರೇಟಿನಲ್ಲಿ ಅಟೆಂಡರ್. ಉಪ್ಪಳದಿಂದ ಕುಂಬಳೆಗೆ ಮೂರು ಪುಟ, ಕುಂಬಳೆಯಿಂದ ಕಾಸರಗೋಡಿಗೆ ನಾಲ್ಕು ಎಂದು ಮೊದಲೇ ಗುರುತು ಹಾಕಿಟ್ಟುಕೊಳ್ಳುತ್ತೇನೆ. ಹುಡುಗಿಯರು ಒಂದು ಕಿವಿಯಲ್ಲಿ ಮೊಬೈಲಿನ ಹಾಡು, ಒಂದು ಕಿವಿಯಲ್ಲಿ ನನ್ನನ್ನು ಕೇಳುತ್ತಾರೆ. ಅರ್ಧ ಕಿವಿಯೂ ಕಿವಿಯೇ. ಸುಕುಮಾರರಿಗೆ ಕನ್ನಡ ಅಷ್ಟಾಗಿ ಬಾರದು. ಪಕ್ಕದಲ್ಲಿದ್ದವರು ಆಗಾಗ ಮಲಯಾಳದಲ್ಲಿ ಹೇಳಿಕೊಡುತ್ತಾರೆ, ಅದರಿಂದ ನನ್ನ ಓದು ಕುಂಟುತ್ತದೆ. ಒಮ್ಮೆ ಅವರು ಹೇಳಿದರು, ‘ಮಾಷೇ, ನೀವು ಒಳ್ಳೆ ಭರ್ತಾವು.’ ನಾನು ಮೇಷ್ಟ್ರಲ್ಲ, ಗುಮಾಸ್ತ ಎಂದೆ. ಒಳ್ಳೆ ಗಂಡ ಎಂಬ ಇನ್ನೊಂದನ್ನು ತಿದ್ದಲಿಲ್ಲ.

ರೈಲಿನಲ್ಲಿಯೂ ಆ ಪುಟವನ್ನು ಹಾರಿಸಿದೆ. ಎಪ್ಪತ್ತು ಮುಗಿದ ಕೂಡಲೇ ಹಾಳೆ ತಿರುಗಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಮೊನ್ನೆ ಕಾಸರಗೋಡಿನಲ್ಲಿ ಎಲ್ಲರೂ ಇಳಿದರು. ನಾನು ಇಳಿಯಲಿಲ್ಲ. ಕೋಟಿಕುಳಂ ದಾಟಿತು, ಬೇಕಲ ದಾಟಿತು. ಕಾಞಂಗಾಡಿನಲ್ಲಿ ಇಳಿದು ಪ್ಲ್ಯಾಟ್‌ಫಾರ್ಮಿನಲ್ಲಿ ಒಂದು ಚಹಾ ಕುಡಿದೆ. ಸ್ಟೇಷನ್ನಿನಿಂದ ನಿನ್ನ ಮನೆಗೆ ಹತ್ತು ನಿಮಿಷದ ದಾರಿ. ಚೀಲದಲ್ಲಿ ಪುಸ್ತಕ ಇತ್ತು, ಓದಲು ಕನ್ನಡಕವೂ ಇತ್ತು. ಮುಂದಿನ ರೈಲಿಗೆ ಹಿಂದೆ ಬಂದೆ.

ಹರಿನಾಥ


ಬಂದ್ಯೋಡು
16 ಜನವರಿ 2025

ತುಂಗಾ,

ಈ ಪತ್ರವನ್ನು ಎರಡು ಸಲ ಬರೆದು ಹರಿದೆ. ಇದು ಮೂರನೆಯದು.

ಮುದ್ದಣ್ಣನೇ ಮತ್ತೆ ಹೇಳಿದ್ದು. ‘ಕೈಗೆ ಕೆಲಸ ಇದ್ದು ಕಿವಿ ಖಾಲಿ ಇರುವ ಜನ ಯಾರು ಹೇಳಿ? ಬೀಡಿಯವರು.’ ನನಗೇಕೆ ಹೊಳೆಯಲಿಲ್ಲ ಎಂದು ಆಶ್ಚರ್ಯವಾಯಿತು. ಹೊಳೆದರೂ ನಾನು ಹೋಗುತ್ತಿರಲಿಲ್ಲವೇನೋ. ಪೇಟೆಯ ಹಿಂದಿನ ಹಳೆಯ ಬೀಡಿ ಶೆಡ್ಡಿನಲ್ಲಿ ಈಗಲೂ ಎಂಟು ಹೆಂಗಸರು ಕೂರುತ್ತಾರೆ. ಮನೆಯಲ್ಲಿ ಕಟ್ಟಿ ತಂದರೂ ಆಗುತ್ತದೆ, ಆದರೆ ಮನೆಯಲ್ಲಿ ಮಾತಾಡಲು ಜನ ಇಲ್ಲವಂತೆ. ನಿನ್ನ ಅಕ್ಕನ ಗೆಳತಿ ಲೋಲಾಕ್ಷಿಯಕ್ಕ ಇದ್ದಾಳೆ, ಐಸಮ್ಮ ಇದ್ದಾಳೆ.

ಆ ಶೆಡ್ಡಿನಲ್ಲಿ ನಾನು ಹಿಂದೆ ಓದುವವನಾಗಿದ್ದೆ. ನೀನಾಗ ಚಿಕ್ಕವಳು. ಬೀಡಿ ಕಟ್ಟುವಲ್ಲಿ ಒಬ್ಬ ಓದುವವನು ಇರುವ ಪದ್ಧತಿ ಇತ್ತು. ಬೆಳಿಗ್ಗೆ ಪೇಪರು, ಮಧ್ಯಾಹ್ನದ ಮೇಲೆ ಕಥೆ ಕಾದಂಬರಿ. ಅವನು ಓದುವಷ್ಟು ಹೊತ್ತು ಅವನ ಪಾಲಿನ ಬೀಡಿಯನ್ನು ಉಳಿದವರು ಸ್ವಲ್ಪ ಸ್ವಲ್ಪ ಕಟ್ಟಿಕೊಡುತ್ತಿದ್ದರು. ಅಲ್ಲಿ ಒಂದೇ ಕಾನೂನು: ಓದುವವ ಹಾರಿಸಬಾರದು. ಕೇಳುವವರಿಗೆ ಪುಟ ಕಾಣುವುದಿಲ್ಲ, ಅವರು ಅವನ ಬಾಯಿಯನ್ನೇ ನಂಬಿದವರು. ನಿನ್ನ ಅಕ್ಕ ನನ್ನೊಡನೆ ಮೊದಲು ಆಡಿದ ಮಾತು ಯಾವುದು ಗೊತ್ತುಂಟಾ? ‘ನಿನ್ನೆಯ ಕಥೆಯಲ್ಲಿ ಆ ಹೆಂಗಸು ಸತ್ತದ್ದು ಹೇಗೆ ಅಂತ ನೀವು ಓದ್ಲಿಲ್ಲ. ಬೇಗ ಮನೆಗೆ ಹೋಗ್ಲಿಕ್ಕಿತ್ತಾ?’ ಇದು ಪುಸ್ತಕದ ಒಂಬತ್ತನೆಯ ಪುಟದಲ್ಲಿ ಉಂಟು.

ಬುಧವಾರ ಮತ್ತು ಶನಿವಾರ ಮೂರು ಗಂಟೆಗೆ ಹೋಗಿ ಓದತೊಡಗಿದೆ. ತಲೆ ಎತ್ತದೆ ಕೇಳುತ್ತಾರೆ, ಮಡಿಲಿನ ತಡ್ಪೆ ಮೊರದಲ್ಲಿ ಎಲೆ, ಪುಡಿ, ಕತ್ತರಿ. ಆದರೆ ಅವರಷ್ಟು ತಕರಾರು ಮಾಡುವ ಕೇಳುಗರು ಇನ್ನಿಲ್ಲ. ‘ಅವಳ ಮದುವೆ ಸೀರೆ ಹಸಿರಲ್ಲ ಹರಿಯಣ್ಣ, ನೇರಳೆ.’ ‘ಅವಳು ಯಾವತ್ತೂ ನಗ್ತಾ ಇದ್ದಳು ಅಂತ ಬರ್ದಿದ್ದೀರಿ. ನಿಮ್ಮ ಎದುರು ನಗ್ತಾ ಇದ್ದಳು. ಇಲ್ಲಿ ಬೇಕಾದಷ್ಟು ಕಣ್ಣೀರು ಹಾಕಿ ಕೂಗಿದ್ದಾಳೆ.’ ಐಸಮ್ಮ ಒಂದು ದಿನ ಕೇಳಿದಳು, ‘ಇದು ಮನೋರಮೆಯ ಪುಸ್ತಕವಾ, ನಿಮ್ಮದಾ?’

ನಿನ್ನೆ ಎಪ್ಪತ್ತನೆಯ ಪುಟಕ್ಕೆ ಬಂದೆ. ನಿನ್ನ ಅಕ್ಕ ಬಚ್ಚಲಿನಲ್ಲಿ ಬಿದ್ದದ್ದು, ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದದ್ದು. ಎದುರಿನ ಪುಟವನ್ನು ಬಿಟ್ಟು ಹಾಳೆ ತಿರುಗಿಸಿ ‘ಉತ್ತರಕ್ರಿಯೆಯ ಬೊಜ್ಜದ ದಿನ ಮಳೆ ಬಂತು’ ಎಂದು ಓದಿದೆ.

ಲೋಲಾಕ್ಷಿಯಕ್ಕ ಕತ್ತರಿ ಕೆಳಗಿಟ್ಟಳು. ‘ಆಸ್ಪತ್ರೆಗೆ ಹೋದಳು, ಕೂಡ್ಲೇ ಬೊಜ್ಜ ಬಂತು. ನಡುವೆ ಎಂತಾಯ್ತು?’

‘ನಡುವೆ ವಿಶೇಷ ಎಂತದ್ದಿಲ್ಲ.’

‘ಹನ್ನೊಂದು ದಿನ ಇದ್ದಳಲ್ಲ ಮಾರಾಯ್ರೆ. ಎಂತ ಬರ್ದಿದ್ದೀರೋ ಅದನ್ನು ಓದಿ.’

ಓದಿದೆ. ಬಂಧುಗಳೆಲ್ಲರೂ ಮಂಚದ ಸುತ್ತ ನೆರೆದಿದ್ದರು, ಯಾರೊಬ್ಬರೂ ಕದಲಲಿಲ್ಲ. ಎಂಟು ಜನರ ಕೈಯೂ ನಿಂತಿತು.

‘ತುಂಗ ಬಂದದ್ದು ಸುಟ್ಟು ಆದ ಮೇಲೆ,’ ಎಂದಳು ಲೋಲಾಕ್ಷಿಯಕ್ಕ. ‘ಗೇಟಿನ ಹತ್ತಿರ ನಾನೇ ಅವಳನ್ನು ಹಿಡ್ಕೊಂಡದ್ದು. ಇದು ಸುಳ್ಳಲ್ವಾ ಹರಿಯಣ್ಣ?’

ಪುಸ್ತಕವನ್ನು ಚೀಲಕ್ಕೆ ಹಾಕಿ ಹೊರಟುಬಂದೆ.

ಹರಿನಾಥ


ಕಾಞಂಗಾಡು
22 ಜನವರಿ 2025

ಭಾವನವರಿಗೆ,

ನಿಮ್ಮ ಪತ್ರಗಳು ಬಹಳ ಉದ್ದ. ನಾನು ಕೇಳಿದ್ದು ಒಂದು ಸಾಲು. ಲೋಲಾಕ್ಷಿಯಕ್ಕ ಕೇಳಿದ್ದೂ ಅದನ್ನೇ. ಅವಳಿಗೂ ಹೇಳದೆ ಎದ್ದು ಬಂದಿರಿ.

ನಾನು ಮೂವತ್ತಮೂರು ವರ್ಷ ಆಸ್ಪತ್ರೆಯಲ್ಲಿ ಇದ್ದವಳು. ಯಾರ ಯಾರದೋ ಅಕ್ಕಂದಿರ ತಲೆದೆಸೆಯಲ್ಲಿ ನಿಂತಿದ್ದೇನೆ. ನನ್ನ ಅಕ್ಕ ಒಂದೂವರೆ ಗಂಟೆಯ ದಾರಿಯಲ್ಲಿ ಹನ್ನೊಂದು ದಿನ ಮಲಗಿದ್ದಳು. ನನಗೆ ಯಾಕೆ ಹೇಳಲಿಲ್ಲ?

ಇದಕ್ಕೆ ಉತ್ತರ ಇಲ್ಲದಿದ್ದರೆ ಇನ್ನು ಬರೆಯಬೇಡಿ.

ತುಂಗಾ


ಬಂದ್ಯೋಡು
8 ಫೆಬ್ರವರಿ 2025

ತುಂಗಾ,

ಹೇಳುತ್ತೇನೆ.

ಅದಕ್ಕಿಂತ ಏಳು ತಿಂಗಳು ಮೊದಲು, ಎಪ್ರಿಲ್‌ನ ಬಿಸು ಹಬ್ಬಕ್ಕೆ ನೀನು ಬಂದಿದ್ದಿ. ಅಡಿಗೆಮನೆಯಲ್ಲಿ ಅಕ್ಕನ ಪಾದವನ್ನು ಹೆಬ್ಬೆರಳಿನಿಂದ ಒತ್ತಿದಿ. ಕುಳಿ ಬಿದ್ದದ್ದು ಮೇಲೆ ಬರಲಿಲ್ಲ. ‘ಭಾವ, ಇದು ಬರೇ ಸುಸ್ತಲ್ಲ. ನಾಳೆಯೇ ಮಂಗಳೂರಿಗೆ ಕರ್ಕೊಂಡು ಹೋಗಿ,’ ಎಂದು ಹೇಳಿದಿ. ನಾನು ನಿನಗೆ ಏನು ಹೇಳಿದೆ ಎಂಬುದು ನಿನಗೆ ನೆನಪಿರುತ್ತದೆ. ‘ನಿನ್ನ ಆಸ್ಪತ್ರೆಯನ್ನು ನನ್ನ ಮನೆಗೆ ತರಬೇಡ. ಐ ನೋ ಮೈ ವೈಫ್.’ ಅಷ್ಟು ಇಂಗ್ಲಿಷ್ ಮಾತ್ರ ನನಗೆ ತಪ್ಪಿಲ್ಲದೆ ಬಂತು. ನೀನು ಊಟ ಮಾಡದೆ ಹೋದಿ. ನಾನು ಏಳು ತಿಂಗಳು ಅವಳಿಗೆ ಕಷಾಯ ಕೊಟ್ಟೆ.

ಅವಳು ಬಿದ್ದ ದಿನ ಡಾಕ್ಟರು ಮೊದಲು ಕೇಳಿದ್ದು, ‘ಇಷ್ಟು ದಿನ ಎಲ್ಲಿದ್ದಿರಿ?’ ಎಂದು. ಕಿಡ್ನಿ ಎರಡೂ ಹೋಗಿತ್ತು. ನಾನು ವರಾಂಡಕ್ಕೆ ಬಂದು ಫೋನಿನಲ್ಲಿ ನಿನ್ನ ಹೆಸರು ತೆಗೆದೆ. ನಿನಗೆ ಫೋನು ಮಾಡುವುದೆಂದರೆ, ನೀನು ಹೇಳಿದ್ದೇ ಸರಿ ಎಂದು ಹೇಳಬೇಕಿತ್ತು. ಫೋನು ಕಿಸೆಗೆ ಹಾಕಿದೆ. ಸೋಮವಾರ ಸ್ವಲ್ಪ ಗುಣವಾದರೆ ಆಗ ಹೇಳೋಣ ಎಂದುಕೊಂಡೆ.

ಇಷ್ಟೇ ಆಗಿದ್ದರೆ ಎರಡು ವರ್ಷ ಮೊದಲೇ ನಿನಗೆ ಬರೆಯುತ್ತಿದ್ದೆ.

ಎರಡನೆಯ ದಿನ ಅವಳು ಕೇಳಿದಳು, ‘ತುಂಗನಿಗೆ ಹೇಳಿದ್ರಾ?’ ನಾನು ಹೇಳಿದೆ ಎಂದೆ. ‘ಎಂತ ಹೇಳಿದಳು?’ ‘ಅವಳಿಗೆ ರಜೆ ಸಿಗುವುದಿಲ್ಲವಂತೆ.’ ಅವಳು ಸ್ವಲ್ಪ ಹೊತ್ತು ಸೀಲಿಂಗ್ ನೋಡಿದಳು. ಆಮೇಲೆ, ‘ಪಾಪ, ಅವಳಿಗೆ ಡ್ಯೂಟಿ. ಬಿಡಿ, ಮತ್ತೆ ಮತ್ತೆ ಫೋನು ಮಾಡಿ ತೊಂದರೆ ಕೊಡ್ಬೇಡಿ,’ ಎಂದಳು.

ಆದರೆ ದಿನಾ ನಾಲ್ಕು ಗಂಟೆಗೆ, ಹೊರಗಿನವರನ್ನು ಒಳಗೆ ಬಿಡುವ ಹೊತ್ತಿಗೆ, ದಿಂಬು ಎತ್ತರಿಸಿ ಕೂರಿಸಲು ಹೇಳುತ್ತಿದ್ದಳು. ಮುಖ ಬಾಗಿಲಿನ ಕಡೆಗೆ. ಐದಕ್ಕೆ ಗಂಟೆ ಹೊಡೆದ ಮೇಲೆ ಮಲಗಿಸಲು ಹೇಳುತ್ತಿದ್ದಳು. ನಿನ್ನ ಹೆಸರು ಎತ್ತಲಿಲ್ಲ. ಒಂಬತ್ತನೆಯ ದಿನ ಕೂರಿಸಲು ಹೇಳಲಿಲ್ಲ. ನನಗೆ ಸಮಾಧಾನವಾಯಿತು, ತುಂಗಾ. ಸಮಾಧಾನವಾಯಿತು ಎಂದೇ ಬರೆಯುತ್ತೇನೆ. ಹನ್ನೊಂದನೆಯ ದಿನ ಬೆಳಿಗ್ಗೆ ಹೋದಳು. ಮಂಚದ ಸುತ್ತ ಯಾರೂ ಇರಲಿಲ್ಲ. ನಾನು ಕ್ಯಾಂಟೀನಿನಿಂದ ಗಂಜಿ ತರಲು ಹೋಗಿದ್ದೆ. ಪಕ್ಕದ ಮಂಚದ ರೋಗಿಯ ತಾಯಿ, ಚೆರ್ವತ್ತೂರಿನವರು, ಅವಳ ಕೈ ಹಿಡಿದಿದ್ದರು.

ನಿನಗೆ ಫೋನು ಮಾಡಿದ್ದು ಎಲ್ಲ ಮುಗಿದ ಮೇಲೆ. ‘ಇದ್ದಕ್ಕಿದ್ದ ಹಾಗೆ ಆಯ್ತು’ ಎಂದೆ. ಹನ್ನೊಂದು ದಿನ ಎಂಬುದು ನಿನಗೆ ಗೇಟಿನಲ್ಲಿ ಬೇರೆಯವರಿಂದ ಗೊತ್ತಾಯಿತು.

ಪುಸ್ತಕದಲ್ಲಿ ಎಲ್ಲರೂ ಇದ್ದರು ಎಂದು ಯಾಕೆ ಬರೆದೆನೆಂದು ಕೇಳಿದರೆ, ಅಚ್ಚಾದದ್ದನ್ನು ನಾಲ್ಕು ಜನ ನಂಬಿದರೆ ನಾನೂ ನಂಬಬಹುದು ಎಂಬ ಆಸೆ ಇತ್ತೆಂದು ಕಾಣುತ್ತದೆ. ಓದುವಾಗ ಮಾತ್ರ ಆ ಪುಟವನ್ನು ಹಾರಿಸುತ್ತಲೇ ಹೋದೆ.

ಎಪ್ಪತ್ತೊಂದನೆಯ ಪುಟವನ್ನು ಹೊಸದಾಗಿ ಬರೆದಿದ್ದೇನೆ. ಇಲ್ಲಿ ನಿನಗೆ ಬರೆದದ್ದೆಲ್ಲ ಅದರಲ್ಲಿ ಉಂಟು. ಪ್ರೆಸ್ಸಿನಲ್ಲಿ ಮುನ್ನೂರು ಹಾಳೆ ಮಾಡಿಸಿ, ಮೈದಾ ಅಂಟು ಕಾಯಿಸಿ, ಹಳೆಯದರ ಮೇಲೆ ಒಂದೊಂದಾಗಿ ಹಚ್ಚುತ್ತಿದ್ದೇನೆ. 19ನೇ ತಾರೀಕು ಬುಧವಾರ ಮೂರು ಗಂಟೆಗೆ ಬೀಡಿ ಶೆಡ್ಡಿನಲ್ಲಿ ಅದನ್ನು ಓದುತ್ತೇನೆ. ಲೋಲಾಕ್ಷಿಯಕ್ಕನಿಗೆ ಹೇಳಿಯಾಗಿದೆ. ನಿನ್ನನ್ನು ಬಾ ಎನ್ನುವ ಮುಖ ನನಗಿಲ್ಲ. ದಿನ ಮತ್ತು ಹೊತ್ತು ಮಾತ್ರ ತಿಳಿಸಿದ್ದೇನೆ.

ಹರಿನಾಥ


ಬಂದ್ಯೋಡು
22 ಫೆಬ್ರವರಿ 2025

ತುಂಗಾ,

ಬುಧವಾರ ಓದಿದೆ. ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಪುಸ್ತಕ ಮುಖದ ಹತ್ತಿರ ಹಿಡಿಯಬೇಕು, ಎದುರಿನದು ಏನೂ ಕಾಣುವುದಿಲ್ಲ. ಕಾಣದಿದ್ದದ್ದು ಒಳ್ಳೆಯದೇ ಎಂದು ಆಗ ಅನ್ನಿಸಿತ್ತು. ಒಂದು ಪುಟಕ್ಕೆ ನಾಲ್ಕು ನಿಮಿಷ ಹಿಡಿಯಿತು. ಬೈಯುತ್ತಾರೆಂದು ಸಿದ್ಧನಾಗಿ ಹೋಗಿದ್ದೆ. ಮುಗಿದ ಮೇಲೆ ಒಬ್ಬೊಬ್ಬರಾಗಿ ಎಲೆ ಕತ್ತರಿಸತೊಡಗಿದರು. ನಾನು ಚಪ್ಪಲಿ ಹಾಕಿಕೊಂಡು ಬಂದೆ.

ಎರಡು ದಿನ ಮನೆಯಿಂದ ಹೊರಡಲಿಲ್ಲ. ಉಳಿದ ಪ್ರತಿಗಳಿಗೆ ಅಂಟು ಹಚ್ಚಿದೆ.

ಇವತ್ತು ಬೆಳಿಗ್ಗೆ ಪೇಟೆಯಲ್ಲಿ ಮೀನಿನವನ ಹತ್ತಿರ ಐಸಮ್ಮ ಸಿಕ್ಕಿದಳು. ಬಂಗುಡೆಯ ಕಿವಿ ಎತ್ತಿ ನೋಡುತ್ತ, ನನ್ನನ್ನು ನೋಡದೆ ಕೇಳಿದಳು: ‘ತುಂಗ ಆಮೇಲೆ ನಿಮ್ಮ ಮನೆಗೆ ಬಂದಳಾ?’

‘ಯಾವ ತುಂಗ?’

‘ನಿಮಗೆ ಎಷ್ಟು ತುಂಗ ಉಂಟು? ಬುಧವಾರ ಬಾಗಿಲ ಹಿಂದೆ ಎಲೆಯ ಗೋಣಿ ಹತ್ತಿರ ಕೂತಿದ್ದಳಲ್ಲ. ನೀವು ಬರುವ ಮೊದಲೇ ಬಂದು ಕೂತಿದ್ದಾಳೆ. ನೀವು ನೋಡ್ಲಿಲ್ವಾ?’

ನಾನು ಮೀನು ತೆಗೆದುಕೊಳ್ಳದೆ ನೇರ ಶೆಡ್ಡಿಗೆ ಹೋದೆ. ಲೋಲಾಕ್ಷಿಯಕ್ಕನನ್ನು ಕೇಳಿದೆ, ‘ನನಗೆ ಯಾಕೆ ಹೇಳ್ಲಿಲ್ಲ?’

‘ಅವಳು ಕೇಳ್ಲಿಕ್ಕೆ ಬಂದದ್ದು ಹರಿಯಣ್ಣ, ನಿಮ್ಮನ್ನು ನೋಡ್ಲಿಕ್ಕೆ ಅಲ್ಲ. ಹೇಳ್ಬಾರ್ದು ಅಂದಳು. ನಾನು ಹೇಳ್ಲಿಲ್ಲ.’

ನೀನು ಎಷ್ಟು ಹೊತ್ತು ಇದ್ದಿ ಎಂದು ಕೇಳಿದೆ. ನಾನು ಹೋದ ಮೇಲೆ ಒಂದು ಗಂಟೆ ಇದ್ದಿಯಂತೆ. ಯಾರೊಡನೆಯೂ ಮಾತಾಡಲಿಲ್ಲವಂತೆ. ‘ಅವಳು ಅತ್ತಳಾ?’ ಎಂದು ಕೇಳಿದೆ. ‘ಅದು ನಿಮಗೆ ಯಾಕೆ?’ ಎಂದಳು.

ಆ ಒಂದು ಗಂಟೆ ನಾನು ಅಲ್ಲಿಂದ ಇನ್ನೂರು ಗಜ ದೂರದಲ್ಲಿ, ಮುದ್ದಣ್ಣನ ಸಲೂನಿನ ಬೆಂಚಿನಲ್ಲಿ ಕೂತು ಹಳೆಯ ಪೇಪರು ನೋಡುತ್ತಿದ್ದೆ. ನೀನು ಬಸ್ಸಿಗೆ ಹೋಗುವ ದಾರಿ ಅದರ ಎದುರಿಗೇ.

ನಾನು ಇನ್ನೇನೂ ಕೇಳುವುದಿಲ್ಲ. ನೀನು ಬಂದಿದ್ದಿ ಎಂದು ನನಗೆ ಗೊತ್ತಾಗಿದೆ ಎಂದು ತಿಳಿಸಲು ಈ ಪತ್ರ.

ಹರಿನಾಥ


ಕಾಞಂಗಾಡು
1 ಮಾರ್ಚ್ 2025

ಭಾವ,

ಬಂದದ್ದು ಹೌದು. ನಿಮ್ಮ ಮುಖ ನೋಡುವ ಮನಸ್ಸು ಆಗಲಿಲ್ಲ. ಈಗಲೂ ಆಗಿಲ್ಲ. ಕ್ಷಮಿಸಿದ್ದೇನೆಂದು ತಿಳಿಯಬೇಡಿ.

ಒಂದು ಮಾತು ಹೇಳಲಿಕ್ಕುಂಟು. ನೀವು ಪುಟದ ಸುರುವಿನಲ್ಲಿ, ನಿಮ್ಮ ಕಷಾಯ, ನಿಮ್ಮ ಫೋನು, ನಿಮ್ಮ ನಾಚಿಕೆ, ಎಲ್ಲ ಬಿಡಿಸಿ ಬಿಡಿಸಿ ಓದಿದಿರಿ. ಎರಡನೆಯ ದಿನಕ್ಕೆ ಬಂದಾಗ ರೈಲು ತಪ್ಪುತ್ತದೆ ಎನ್ನುವವರ ಹಾಗೆ ಓಡಿದಿರಿ. ‘ಪಾಪ, ಅವಳಿಗೆ ಡ್ಯೂಟಿ’ ಎಂದು ಅಕ್ಕ ಹೇಳಿದ್ದು ನನಗೆ ಅರ್ಧ ಕೇಳಿತು. ಮುಂದಿನದನ್ನು ನಿಮ್ಮ ಕಾಗದದ ನೆನಪಿನಿಂದಲೇ ತುಂಬಿಸಿಕೊಳ್ಳಬೇಕಾಯಿತು.

ಅದು ನಿಮಗೆ ಹೇಳಿದ ಮಾತಲ್ಲ. ನನ್ನ ಬಗ್ಗೆ ಅವಳು ಆಡಿದ ಕೊನೆಯ ಮಾತು. ಎರಡು ವರ್ಷ ನಿಮ್ಮ ಹತ್ತಿರ ಇಟ್ಟುಕೊಂಡಿರಿ.

5ನೇ ತಾರೀಕು ಬುಧವಾರ ಅದೊಂದು ಪುಟವನ್ನು ಮತ್ತೆ ಓದಿ. ಅವಳು ಹೇಗೆ ಹೇಳಿದಳೋ ಅಷ್ಟು ನಿಧಾನವಾಗಿ. ಎಲ್ಲಿ ನಿಲ್ಲಿಸಿದಳೋ ಅಲ್ಲಿ ನಿಲ್ಲಿಸಿ. ಈ ಸಲ ನಾನು ಎದುರು ಕೂರುತ್ತೇನೆ. ಮುಗಿದ ಮೇಲೆ ನನ್ನನ್ನು ಮಾತಾಡಿಸಬೇಡಿ. ಊಟಕ್ಕೆ ಕರೆಯಬೇಡಿ.

ತುಂಗಾ